ಐರೋಪ್ಯ ಒಕ್ಕೂಟದ ಅನುದಾನ ನಿಂತ ಮೇಲೆ ಕಾರ್ನ್‌ವಾಲ್ ಕೌನ್ಸಿಲ್ ಮಾಡಿದ್ದೇನು?

ಮಲೆನಾಡಿಗ (ಪ್ರಶ್ನೆ):

ಮಾನ್ಯರೇ, ಬ್ರೆಕ್ಸಿಟ್ ಕುರಿತ ಮಾತು ಬಂದಾಗಲೆಲ್ಲ ಇಂಗ್ಲೆಂಡಿನ ನೈಋತ್ಯ ತುದಿಯ ಕಾರ್ನ್‌ವಾಲ್ ಗೇಲಿಯ ವಸ್ತುವಾಗುತ್ತದೆ. 2016ರ ಜೂನ್ 23ರ ಜನಮತಗಣನೆಯಲ್ಲಿ ಅಲ್ಲಿನ ಶೇ. 56.5ರಷ್ಟು ಮತಗಳು ಒಕ್ಕೂಟದಿಂದ ಹೊರಬರುವುದರ ಪರ ಬಿದ್ದವು. ಮರುದಿನವೇ ಅಲ್ಲಿನ ಕೌನ್ಸಿಲ್ (ಸ್ಥಳೀಯ ಆಡಳಿತ ಸಂಸ್ಥೆ), ಒಕ್ಕೂಟದಿಂದ ಬರುತ್ತಿದ್ದಷ್ಟೇ ಹಣವನ್ನು ಇನ್ನು ಮುಂದೆ ಲಂಡನ್ನಿನ ಸರ್ಕಾರ ಕೊಡಬೇಕೆಂದು ಕೇಳಿತು. ಕೂತ ಕೊಂಬೆಯನ್ನೇ ಕಡಿದವರು ಎಂದು ನಕ್ಕು ಎಲ್ಲರೂ ಅಲ್ಲಿಗೇ ಮಾತು ಮುಗಿಸುತ್ತಾರೆ. ನನಗೆ ಬೇಕಿರುವುದು ಅದರ ಮುಂದಿನ ಭಾಗ. ಆ ಹಣ ಎಷ್ಟಿತ್ತು, ಏತಕ್ಕೆ ಬರುತ್ತಿತ್ತು, ನಿಂತ ಮೇಲೆ ಕೌನ್ಸಿಲ್ ಏನು ಮಾಡಿತು, ಕೊನೆಗೆ ಅದರ ಕೈಗೆ ಬಂದದ್ದೇನು? ಬಲ್ಲವರು ದಯವಿಟ್ಟು ತಿಳಿಸಬೇಕು.

ಪೆನ್ರಿನ್ ಹಳೆಯ ವಿದ್ಯಾರ್ಥಿನಿ:

ನಮಸ್ಕಾರ. ನಾನು ಅಲ್ಲಿಯ ಪೆನ್ರಿನ್ ಕ್ಯಾಂಪಸ್‌ನಲ್ಲಿ ಓದಿದವಳು. ಅಲ್ಲಿನ ಕಟ್ಟಡಗಳೂ ಇದೇ ಹಣದ ನೆರವಿನಿಂದ ಎದ್ದವು. ಒಕ್ಕೂಟದ ನೀಲಿ ಬಾವುಟವಿದ್ದ ಫಲಕವನ್ನು ದಿನವೂ ದಾಟಿಕೊಂಡು ತರಗತಿಗೆ ಹೋಗುತ್ತಿದ್ದರೂ ನಾವ್ಯಾರೂ ಅದನ್ನು ನಿಂತು ಓದಿದ್ದು ನೆನಪಿಲ್ಲ.

ಮೊದಲಿಗೆ ಒಂದು ತಿದ್ದುಪಡಿ. ಮತ ಹಾಕಿದ್ದು ಜನ, ಕೇಳಿದ್ದು ಕೌನ್ಸಿಲ್. ಇವೆರಡನ್ನೂ ಒಂದೇ ಮನುಷ್ಯನ ಎರಡು ಮಾತುಗಳಂತೆ ಓದುವುದು ಸರಿಯಲ್ಲ. ಅಂದಿನ ಕೌನ್ಸಿಲ್ ನಾಯಕ ಜಾನ್ ಪೊಲಾರ್ಡ್ ಯಾವ ಪಕ್ಷಕ್ಕೂ ಸೇರದ ಸದಸ್ಯರು. ಹಿಂದಿನ 10 ವರ್ಷಗಳಲ್ಲಿ ವರ್ಷಕ್ಕೆ ಸರಾಸರಿ 6 ಕೋಟಿ ಪೌಂಡ್ ಬಂದಿದೆ, ಅಷ್ಟೇ ಮೊತ್ತ ಮುಂದೆಯೂ ಬರಬೇಕು ಎಂದು ಅವರು ಪಟ್ಟು ಹಿಡಿದಾಗ ಅದಕ್ಕೊಂದು ಆಧಾರವಿತ್ತು: ಕಾರ್ನ್‌ವಾಲ್‌ಗೆ ನಷ್ಟವಾಗುವುದಿಲ್ಲವೆಂದು ಹೊರಬರುವ ಪರ ಪ್ರಚಾರ ಮಾಡಿದವರೇ ಮತದಾನಕ್ಕೆ ಮೊದಲು ಭರವಸೆ ಕೊಟ್ಟಿದ್ದರು. ಕೌನ್ಸಿಲ್ ಆ ಮಾತನ್ನೇ ಎತ್ತಿ ಹಿಡಿಯಿತು. ಸಹಿಯಾದ ಒಪ್ಪಂದಗಳು, ಅರ್ಧಕ್ಕೆ ಬಂದ ಕಾಮಗಾರಿಗಳು ಎದುರಿಗಿದ್ದಾಗ ಯಾವ ಸ್ಥಳೀಯ ಸಂಸ್ಥೆಯಾದರೂ ಮರುದಿನ ಮಾಡಬೇಕಾದ ಕೆಲಸ ಅದೇ ಎಂಬುದು ನನ್ನ ಅಭಿಪ್ರಾಯ.

ಹಣ ಬರುತ್ತಿದ್ದುದು ಬಡತನದ ಲೆಕ್ಕದ ಮೇಲೆ. ಒಂದು ಪ್ರದೇಶದ ತಲಾ ಉತ್ಪನ್ನ ಒಕ್ಕೂಟದ ಸರಾಸರಿಯ ಶೇ. 75ಕ್ಕಿಂತ ಕಡಿಮೆಯಿದ್ದರೆ ಅದು ಅತಿ ಹೆಚ್ಚಿನ ನೆರವಿಗೆ ಅರ್ಹವಾಗುತ್ತಿತ್ತು. ಪಕ್ಕದ ಡೆವನ್ ಜೊತೆ ಸೇರಿಸಿ ಎಣಿಸುವವರೆಗೂ ಕಾರ್ನ್‌ವಾಲ್‌ನ ಬಡತನ ಸರಾಸರಿಯೊಳಗೆ ಮುಚ್ಚಿಹೋಗುತ್ತಿತ್ತು. 1990ರ ದಶಕದ ಕೊನೆಯಲ್ಲಿ ಅದನ್ನು ಪ್ರತ್ಯೇಕ ಪ್ರದೇಶವಾಗಿ ಎಣಿಸತೊಡಗಿದ ಮೇಲೆಯೇ 2000ದಿಂದ ಈ ದೊಡ್ಡ ಹಣ ಬರಲಾರಂಭಿಸಿತು. 2014ರಿಂದ 2020ರ ಅವಧಿಗೆ ಪಕ್ಕದ ಸಿಲ್ಲಿ ದ್ವೀಪಗಳೂ ಸೇರಿ ನಿಗದಿಯಾಗಿದ್ದುದು ಸುಮಾರು 59 ಕೋಟಿ ಯೂರೊ. ಹಳ್ಳಿಹಳ್ಳಿಗೆ ಹೋದ ವೇಗದ ಇಂಟರ್‌ನೆಟ್ ಜಾಲಕ್ಕೆ ತಗುಲಿದ 13.2 ಕೋಟಿ ಪೌಂಡ್‌ಗಳಲ್ಲಿ 5 ಕೋಟಿಗೂ ಹೆಚ್ಚು ಒಕ್ಕೂಟದ್ದೇ.

ಹಾಗಿದ್ದೂ ಜನ ವಿರುದ್ಧ ಮತ ಹಾಕಿದ್ದೇಕೆ ಎಂದರೆ, ರಸ್ತೆ ಮತ್ತು ಕಟ್ಟಡಗಳು ಬಂದವೇ ಹೊರತು ಸಂಬಳ ಏರಲಿಲ್ಲ, ಪ್ರವಾಸಿಗರ ಋತುವಿಗಷ್ಟೇ ಸಿಗುವ ಕೆಲಸ ಬದಲಾಗಲಿಲ್ಲ, ರಜೆಯ ಮನೆಗಾಗಿ ಹೊರಗಿನವರು ಕೊಳ್ಳುತ್ತಿದ್ದರಿಂದ ಏರಿದ ಮನೆ ಬೆಲೆಯೂ ಇಳಿಯಲಿಲ್ಲ. ಫಲಕ ನೋಡಿ ಯಾರೂ ಮತ ಹಾಕುವುದಿಲ್ಲ.

ಗಣಿಯೂರಿನವ:

ನಾನು ಕೆ.ಜಿ.ಎಫ್.ನವನು. ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿಯ ಆಡಳಿತದಲ್ಲಿ ನಮ್ಮ ಚಿನ್ನದ ಗಣಿ ನಡೆಯುತ್ತಿದ್ದ ಕಾಲದಲ್ಲಿ ಇಲ್ಲಿಗೆ ಬಂದು ಕೆಲಸ ಮಾಡಿದ ಬಿಳಿಯ ಗಣಿಗಾರರಲ್ಲಿ ಅನೇಕರು ಕಾರ್ನ್‌ವಾಲ್‌ನವರೇ. ಅಲ್ಲಿನ ತವರದ ಗಣಿಗಳು ಸೊರಗತೊಡಗಿದ ಮೇಲೆ ಅವರು ಲೋಕದ ಗಣಿಗಳಿಗೆಲ್ಲ ಹಂಚಿಹೋದರು. ಅಲ್ಲಿಯ ಸೌತ್ ಕ್ರಾಫ್ಟಿ ಗಣಿ 1998ರಲ್ಲಿ ಮುಚ್ಚಿತು, ನಮ್ಮದು 2001ರಲ್ಲಿ. ಅವರ ಊರಿಗೆ ಒಕ್ಕೂಟದ ಆ ದೊಡ್ಡ ಹಣ ಬರಲು ಶುರುವಾದದ್ದು ಆ ಎರಡರ ನಡುವೆ. ನಮ್ಮ ಊರಿನ ಪಾಲಿಗೆ ಉಳಿದದ್ದು ಸಯನೈಡ್ ದಿಬ್ಬಗಳು. ಹಾಗಾಗಿ ಅವರ ಕಥೆಯನ್ನು ನನಗೆ ಗೇಲಿಯಾಗಿ ಓದಲು ಆಗುವುದಿಲ್ಲ.

ಆ ಹಣದ ಒಂದು ಕೆಲಸ ನನಗೆ ವಿಶೇಷವಾಗಿ ಕಾಣುತ್ತದೆ. ರೆಡ್‌ರೂತ್ ಊರಿನ ಬಳಿಯ ಯುನೈಟೆಡ್ ಡೌನ್ಸ್ ಎಂಬ ಹಳೆಯ ಗಣಿ ಪ್ರದೇಶದಲ್ಲಿ ಭೂಮಿಯೊಳಗಿನ ಶಾಖದಿಂದ ವಿದ್ಯುತ್ ಪಡೆಯಲು 5 ಕಿಲೋಮೀಟರಿಗೂ ಆಳವಾಗಿ ಬಾವಿ ಕೊರೆದರು. ನಮ್ಮ ಚಾಂಪಿಯನ್ ರೀಫ್ ಗಣಿಯ ಆಳವೇ 3 ಕಿಲೋಮೀಟರಿಗಿಂತ ಸ್ವಲ್ಪ ಹೆಚ್ಚು, ನೆನಪಿರಲಿ. ಅದಕ್ಕೆ ಒಕ್ಕೂಟ ಸುಮಾರು 1 ಕೋಟಿ ಪೌಂಡ್ ಕೊಟ್ಟಿತು, ಕೌನ್ಸಿಲ್ ತನ್ನ ಪಾಲನ್ನೂ ಹಾಕಿತು. ಗಣಿ ಮುಚ್ಚಿದ ಊರಿನಲ್ಲಿ ಅದೇ ನೆಲ, ಅದೇ ಕೊರೆಯುವ ವಿದ್ಯೆ ಮತ್ತೆ ಕೆಲಸಕ್ಕೆ ಬಂದದ್ದು ಸಣ್ಣ ಸಂಗತಿಯಲ್ಲ.

ಮಲೆನಾಡಿಗ:

ಇಬ್ಬರಿಗೂ ಧನ್ಯವಾದ. ನನ್ನ ಪ್ರಶ್ನೆಯಲ್ಲೂ ಗೇಲಿಯ ಛಾಯೆ ಸ್ವಲ್ಪ ಇತ್ತೆಂದು ಒಪ್ಪಿಕೊಳ್ಳುತ್ತೇನೆ. ಆದರೆ ಕೊನೆಗೆ ಸಿಕ್ಕಿದ್ದೆಷ್ಟು ಎಂಬುದಕ್ಕೆ ಇನ್ನೂ ಉತ್ತರ ಬಂದಿಲ್ಲ.

ಲೆಕ್ಕಪತ್ರದ ಮೇಷ್ಟ್ರು:

ಅದನ್ನು ನಾನು ಹೇಳುತ್ತೇನೆ, ಆದರೆ ಮೊತ್ತವೊಂದನ್ನೇ ನೋಡಿದರೆ ದಾರಿ ತಪ್ಪುತ್ತೀರಿ.

2016ರ ಆಗಸ್ಟ್‌ನಲ್ಲಿ ಹಣಕಾಸು ಸಚಿವ ಫಿಲಿಪ್ ಹ್ಯಾಮಂಡ್ ಅವರು ಆ ವರ್ಷದ ಶರತ್ಕಾಲದ ಹಣಕಾಸು ಹೇಳಿಕೆಗೆ ಮೊದಲು ಸಹಿಯಾಗುವ ಯೋಜನೆಗಳಿಗೆ ಸರ್ಕಾರದ ಖಾತರಿ ಕೊಟ್ಟರು. ನಂತರ ಆ ಗಡುವನ್ನು ದೇಶ ಒಕ್ಕೂಟದಿಂದ ಹೊರಬರುವ ದಿನದವರೆಗೂ ವಿಸ್ತರಿಸಿದರು. ಹೀಗಾಗಿ ನಲ್ಲಿ ಒಮ್ಮೆಲೇ ಬಂದ್ ಆಗಲಿಲ್ಲ. ಹೊರಬರುವ ಒಪ್ಪಂದದ ಪ್ರಕಾರ 2014–2020ರ ಹಣವನ್ನು 2023ರ ಕೊನೆಯವರೆಗೂ ಖರ್ಚು ಮಾಡಲು ಅವಕಾಶವಿತ್ತು. ಬದಲಿ ನಿಧಿಯ ಮಾತು ಆಳುವ ಪಕ್ಷದ 2017ರ ಪ್ರಣಾಳಿಕೆಯಲ್ಲಿಯೇ ಬಂದಿತ್ತು. ಆದರೆ ಅದರ ನಿಯಮಗಳು ಪ್ರಕಟವಾದದ್ದು 2022ರ ಏಪ್ರಿಲ್‌ನಲ್ಲಿ. ನಡುವಿನ ಆ 5 ವರ್ಷ ಕೌನ್ಸಿಲ್ ಕಾಗದ ಬರೆಯುವುದರಲ್ಲಿ, ಲಂಡನ್ನಿನ ಬಾಗಿಲು ತಟ್ಟುವುದರಲ್ಲಿ ಕಳೆಯಿತು.

ಬಂದ ನಿಧಿ ಇಡೀ ದೇಶಕ್ಕೆ 3 ವರ್ಷಗಳಿಗೆ 260 ಕೋಟಿ ಪೌಂಡ್: ಮೊದಲ ವರ್ಷ 40, ಎರಡನೆಯ ವರ್ಷ 70, ಕೊನೆಯ ವರ್ಷ 150 ಕೋಟಿ. ಕಾರ್ನ್‌ವಾಲ್ ಮತ್ತು ಸಿಲ್ಲಿ ದ್ವೀಪಗಳ ಪಾಲು ಸುಮಾರು 13.2 ಕೋಟಿ, ಅಂದರೆ ವರ್ಷಕ್ಕೆ ಸರಾಸರಿ 4.4 ಕೋಟಿ. ಪೊಲಾರ್ಡ್ ಕೇಳಿದ್ದು 6 ಕೋಟಿ. ಹಳೆಯ ಒಕ್ಕೂಟದ ಹಣವೂ ಆಗ ಇನ್ನೂ ಖರ್ಚಾಗುತ್ತಿತ್ತು, ಆದ್ದರಿಂದ ಎರಡನ್ನೂ ಕೂಡಿ ನೋಡಬೇಕು ಎಂಬುದು ಸರ್ಕಾರದ ವಾದ. ಆ ವಾದವನ್ನು ಪೂರ್ತಿ ತಳ್ಳಿಹಾಕಲಾಗದು.

ನನ್ನ ಆಕ್ಷೇಪ ಬೇರೆ ಕಡೆ ಇದೆ. ಒಕ್ಕೂಟದ ಹಣ 7 ವರ್ಷಗಳ ಲೆಕ್ಕದಲ್ಲಿ, ಎಲ್ಲರಿಗೂ ಗೊತ್ತಿದ್ದ ಸೂತ್ರದ ಮೇಲೆ ಬರುತ್ತಿತ್ತು. ಅದರ ಕಾಗದಪತ್ರ, ತನಿಖೆ, ಸ್ಥಳೀಯರೂ ಪಾಲು ಹಾಕಬೇಕೆಂಬ ಷರತ್ತುಗಳು ಸಾಕುಸಾಕೆನಿಸುತ್ತಿದ್ದವು, ನಿಜ. ಆದರೆ 5 ಕಿಲೋಮೀಟರ್ ಬಾವಿ ಕೊರೆಯುವಂಥ ಕೆಲಸಕ್ಕೆ ಬೇಕಾದದ್ದು ಆ ದೀರ್ಘ ಅವಧಿಯೇ. ಹೊಸ ನಿಧಿಯಲ್ಲಿ ಹಣ ಹಂಚುವ ಅಧಿಕಾರ ನೇರವಾಗಿ ಕೌನ್ಸಿಲ್ ಕೈಗೆ ಬಂತು, ಷರತ್ತುಗಳು ಸಡಿಲವಾದವು, ಹೋದದ್ದು ಕಾಲಾವಕಾಶ. ಮೂರು ವರ್ಷ ಮುಗಿಯುತ್ತ ಬಂದಾಗ 2025–26ಕ್ಕೆ ಒಂದೇ ವರ್ಷ ವಿಸ್ತರಣೆ ಸಿಕ್ಕಿತು, ಅದೂ ದೇಶದ ಒಟ್ಟು ಮೊತ್ತವನ್ನು 150ರಿಂದ 90 ಕೋಟಿಗೆ ಇಳಿಸಿ. ಮುಂದಿನ ಮಾರ್ಚ್ ಆಚೆಗೆ ಸಂಬಳದ ಖಾತರಿ ಇಲ್ಲದೆ ಯಾವ ಕೌನ್ಸಿಲ್ ತಾನೇ ಒಳ್ಳೆಯ ಎಂಜಿನಿಯರನ್ನು ಉಳಿಸಿಕೊಂಡೀತು?

ಇನ್ನೊಂದು ದಾರಿಯನ್ನೂ ಅವರು ನೋಡಿದರು. 2022ರ ಡಿಸೆಂಬರ್‌ನಲ್ಲಿ ವರ್ಷಕ್ಕೆ 1.2 ಕೋಟಿಯಂತೆ 30 ವರ್ಷ, ಒಟ್ಟು 36 ಕೋಟಿ ಪೌಂಡ್ ಕೊಡುವ ಅಧಿಕಾರ ಹಂಚಿಕೆಯ ಪ್ರಸ್ತಾಪವನ್ನು ಸರ್ಕಾರ ಮುಂದಿಟ್ಟಿತು. ಷರತ್ತು ಒಂದೇ: ಜನರಿಂದ ನೇರ ಆಯ್ಕೆಯಾಗುವ ಮೇಯರ್ ಇರಬೇಕು. ಅವಧಿಯ ಮಟ್ಟಿಗೆ ಕೌನ್ಸಿಲ್‌ಗೆ ಬೇಕಿದ್ದುದು ಇಂಥದ್ದೇ ಹಣ, ಆದರೆ ಒಬ್ಬರ ಕೈಗೆ ಅಷ್ಟು ಅಧಿಕಾರ ಕೊಡಲು ಸ್ಥಳೀಯರು ಒಪ್ಪಲಿಲ್ಲ. 2023ರಲ್ಲಿ ಕೌನ್ಸಿಲ್ ಮೇಯರ್ ವಿಚಾರವನ್ನು ಕೈಬಿಟ್ಟು, ಮೇಯರ್ ಇಲ್ಲದ, ಆ 36 ಕೋಟಿಯೂ ಇಲ್ಲದ ಸಣ್ಣ ಒಪ್ಪಂದಕ್ಕೆ ಸಹಿ ಹಾಕಿತು.