ಸಹಾಯ ಬೇಕು: ರೇಟ್ ಹೇಳುವಾಗ ಹೇಗೆ ಮಾತಾಡುತ್ತೀರಿ?

ಎಲ್ಲರಿಗೂ ನಮಸ್ಕಾರ. ಅಂಗಡಿಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾರುವ ಕೆಲಸ ನನ್ನದು. ಡೆಮೊ ಮುಗಿಯುವವರೆಗೆ ಮಾತು ಸಲೀಸು. ರೇಟಿನ ವಿಷಯ ಬಂದ ಕೂಡಲೇ ಎದುರಿನವರ ದನಿ ಬದಲಾಗುತ್ತದೆ. "ಯೋಚನೆ ಮಾಡಿ ಹೇಳ್ತೀನಿ" ಅನ್ನುತ್ತಾರೆ, ಆಮೇಲೆ ಫೋನ್ ಎತ್ತುವುದಿಲ್ಲ.

"ಇಷ್ಟು ಖರ್ಚಾಗುತ್ತೆ" ಅನ್ನುವ ಮೊದಲು "ದಿನದ ಲೆಕ್ಕ ಮುಗಿಸೋಕೆ ಈಗ ಎಷ್ಟು ಹೊತ್ತು ಹಿಡಿಯುತ್ತೆ?" ಅಂತ ಕೇಳಿ ನೋಡಿದೆ. ಅವರೇ ಕಷ್ಟ ಬಿಚ್ಚಿಡುತ್ತಾರೆ, ಇದು ಪರವಾಗಿಲ್ಲ. ಆದರೆ "ಇಲ್ಲಿ ಸೈನ್ ಮಾಡಿ" ಅಂದರೆ ಮತ್ತೆ ಹಿಂಜರಿಕೆ. "ಶುರು ಮಾಡೋಣವಾ?" ಅಂದರೆ ಸಲಿಗೆ ಜಾಸ್ತಿ ಆಯಿತೇನೋ ಅನ್ನಿಸುತ್ತದೆ. "ಆಫರ್ ಇವತ್ತೇ ಕೊನೆ" ಅಂತ ಹೆದರಿಸಲು ಮನಸ್ಸಿಲ್ಲ. ಸ್ಕ್ರಿಪ್ಟ್ ಬೇಡ, ಓದಿದ ಹಾಗೆ ಕೇಳಿಸುತ್ತದೆ, ಅಲ್ವಾ?

ರೇಟ್ ಹೇಳಿದ ಮೇಲೆ ಸುಮ್ನೆ ಇರುತ್ತೀರಾ, ಏನಾದರೂ ಸೇರಿಸುತ್ತೀರಾ? ನೀವು ಆಡುವ ಮಾತನ್ನೇ ಹಾಗೇ ಬರೆದು ಹಾಕಿ.