ಐದು ತಿಂಗಳ ಕುದುರೆ ಮರಿ ಲದ್ದೀಲಿ ಉದ್ದುದ್ದ ಬಿಳಿ ಹುಳ ಬಂದಿದೆ, ಇನ್ನೊಂದು ಸಲ ಔಷಧಿ ಹಾಕ್ಬಹುದಾ?

ಪಾಲಹಳ್ಳಿ_ಲಾಯ:
ಎಲ್ರಿಗೂ ನಮಸ್ಕಾರ. ನಮ್ದು ಶ್ರೀರಂಗಪಟ್ಟಣದ ಹತ್ರ. ಮೂರು ಕುದುರೆ ಇದಾವೆ, ಟಾಂಗಾ ಎಳೆಯೋ ಗಂಡು ಒಂದು, ಹೆಣ್ಣು ಒಂದು, ಅದರ ಮರಿ ಐದು ತಿಂಗಳದ್ದು. ಮರಿ ಹೊಟ್ಟೆ ಮಾತ್ರ ಗುಡಾಣದ ಥರ ಊದ್ಕೊಂಡು ಪಕ್ಕೆ ಎಲುಬು ಕಾಣ್ತಿತ್ತು, ಕೂದ್ಲು ಒರಟು, ಆಗಾಗ ಕೆಮ್ಮು ಬೇರೆ, ಅದಕ್ಕೆ ಮೆಡಿಕಲ್ ಶಾಪಲ್ಲಿ ಕೇಳಿದ್ರೆ ಫೆನ್‌ಬೆಂಡಜೋಲ್ ಅನ್ನೋ ಹುಳದ ಔಷಧಿ ಕೊಟ್ರು, ಎಷ್ಟು ಅಂತ ಕಣ್ಣಂದಾಜಲ್ಲಿ ಹೇಳಿದ್ರು, ಕುಡಿಸ್ದೆ. ಎರಡನೇ ದಿನದಿಂದ ಲದ್ದೀಲಿ ಹುಳ ಬರೋಕೆ ಶುರು, ಪೆನ್ಸಿಲ್ ದಪ್ಪ, ಒಂದು ಗೇಣಿಗಿಂತ ಉದ್ದ, ಬಿಳೀದು. ನಮ್ಮನೇವ್ರು ನೋಡಿ ಹೆದ್ರಿಬಿಟ್ರು. ಈಗ ಮರಿ ಹಾಲು ಕುಡೀತಿದೆ, ಓಡಾಡ್ತಿದೆ. ಪಕ್ಕದವ್ರು ಐವರ್ಮೆಕ್ಟಿನ್ ಅನ್ನೋ ಇನ್ನೊಂದು ಹುಳದ ಔಷಧಿ ಹಾಕು, ಪೂರ್ತಿ ಕ್ಲೀನ್ ಆಗುತ್ತೆ ಅಂತಾರೆ, ಇನ್ನೊಬ್ರು ದನಕ್ಕೆ ಹಾಕೋ ಐವರ್ಮೆಕ್ಟಿನ್ ಇಂಜೆಕ್ಷನ್ನೇ ಹಾಕ್ಸು ಅಂತಾರೆ. ಏನ್ ಮಾಡ್ಲಿ? ತಾಯಿ ಹಾಲಿನಿಂದ ಬಂದಿರಬಹುದಾ?

ಹೆಬ್ಬಾಳ_ವೆಟ್:
ಇವತ್ತು ಏನೂ ಹಾಕ್ಬೇಡಿ ಸಾರ್, ದಯವಿಟ್ಟು. ನೀವು ಹೇಳ್ತಿರೋದು ಮರಿಗಳ ದೊಡ್ಡ ದುಂಡು ಹುಳ, ಪ್ಯಾರಾಸ್ಕರಿಸ್. ಸುಮಾರು ಒಂದೂವರೆ ಎರಡು ವರ್ಷ ಆಗೋ ತನಕ ಮರಿಗಳಿಗೇ ಇದರ ಕಾಟ ಜಾಸ್ತಿ, ಆಮೇಲೆ ಮೈಗೇ ತಡೆಯೋ ಶಕ್ತಿ ಬರುತ್ತೆ. ಹಾಲಿನಿಂದ ಬರೋದು ಬೇರೆ, ಅದು ಕಣ್ಣಿಗೆ ಕಾಣೋದೇ ಕಷ್ಟ ಅನ್ನೋಷ್ಟು ಸಣ್ಣ ದಾರದ ಹುಳ. ನಿಮ್ಮ ಮರೀಲಿರೋ ದುಂಡು ಹುಳದ ಮೊಟ್ಟೆ ಇರೋದು ನೆಲದಲ್ಲಿ, ಗೊಂತಿನಲ್ಲಿ, ಲಾಯದ ಗೋಡೇಲಿ, ತಾಯಿ ಕೆಚ್ಚಲಿಗೆ ಅಂಟಿರೋ ಕೊಳೇಲಿ. ಮರಿ ನೆಕ್ಕಿ ನುಂಗುತ್ತೆ, ಮರಿಹುಳ ಕರುಳು ಕೊರ್ಕೊಂಡು ಲಿವರ್‌ಗೆ ಹೋಗಿ ಅಲ್ಲಿಂದ ಶ್ವಾಸಕೋಶಕ್ಕೆ ಬಂದು ಕೆಮ್ಮಿದಾಗ ಗಂಟಲಿಗೆ ಬಂದು ಮತ್ತೆ ನುಂಗಿ ಸಣ್ಣ ಕರುಳಿಗೆ ಸೇರುತ್ತೆ, ನಿಮ್ಮ ಮರಿ ಕೆಮ್ಮಿಗೆ ಅದೂ ಒಂದು ಕಾರಣ ಇರಬಹುದು. ಈ ಸುತ್ತು ಮುಗಿದು ಹುಳ ಮೊಟ್ಟೆ ಇಡೋಕೆ ಎರಡೂವರೆ ಮೂರು ತಿಂಗಳು ಬೇಕು. ಒಂದು ಹೆಣ್ಣು ಹುಳ ದಿನಕ್ಕೆ ಲಕ್ಷಕ್ಕೂ ಮೇಲೆ ಮೊಟ್ಟೆ ಇಡುತ್ತೆ, ಆ ಮೊಟ್ಟೆ ಚಿಪ್ಪು ಎಷ್ಟು ಗಟ್ಟಿ ಅಂದ್ರೆ ಮಣ್ಣಲ್ಲಿ ವರ್ಷಗಟ್ಟಲೆ ಬದುಕಿರುತ್ತೆ.

ಐವರ್ಮೆಕ್ಟಿನ್ ಯಾಕೆ ಬೇಡ ಅಂದ್ರೆ, ಅದು ಹುಳಾನ ಪಾರ್ಶ್ವವಾಯು ಬಡಿದ ಹಾಗೆ ಮಾಡುತ್ತೆ. ಹೊಟ್ಟೆ ತುಂಬ ಹುಳ ಇರೋ ಮರೀಲಿ ಎಲ್ಲಾ ಒಟ್ಟಿಗೆ ಸಡಿಲ ಆಗಿ ಹಗ್ಗದ ಗಂಟಿನ ಥರ ಸಣ್ಣ ಕರುಳಲ್ಲಿ ಸಿಕ್ಕಾಕ್ಕೊಂಡ್ರೆ ಕರುಳೇ ಒಡೆದುಹೋಗೋ ಅಪಾಯ ಇದೆ. ಪೈರಾಂಟೆಲ್ ಅನ್ನೋ ಔಷಧಿಗೂ ಇದೇ ಮಾತು. ಫೆನ್‌ಬೆಂಡಜೋಲ್ ನಿಧಾನಕ್ಕೆ ಕೊಲ್ಲುತ್ತೆ, ಹಾಗಾಗಿ ನಿಮಗೆ ಸಿಕ್ಕಿದ್ದು ಸರಿಯಾದ ಔಷಧೀನೇ. ಇನ್ನೊಂದು, 2002ರಲ್ಲೇ ನೆದರ್ಲೆಂಡ್ಸ್‌ನಿಂದ ಈ ಹುಳ ಐವರ್ಮೆಕ್ಟಿನ್‌ಗೆ ಬಗ್ತಿಲ್ಲ ಅಂತ ವರದಿ ಬಂತು, ಆಮೇಲೆ ಬೇರೆ ಬೇರೆ ದೇಶದಿಂದಲೂ. ದನದ ಇಂಜೆಕ್ಷನ್ ಅಂತೂ ಬೇಡವೇ ಬೇಡ, ಕುದುರೆಗೆ ಸೂಜಿ ಹಾಕಿದ ಜಾಗದಲ್ಲಿ ಬಾವು ಬಂದು ಕ್ಲಾಸ್ಟ್ರಿಡಿಯಂ ಅನ್ನೋ ಬ್ಯಾಕ್ಟೀರಿಯಾ ಸೋಂಕು ಆಗಿ ಪ್ರಾಣಕ್ಕೇ ಬರಬಹುದು.

ಇನ್ನು ಒಂದು ವಾರ ಮರಿ ಮೇಲೆ ಕಣ್ಣಿಡಿ. ಕಾಲಿಂದ ನೆಲ ಕೆರೆಯೋದು, ತಿರುಗಿ ತಿರುಗಿ ಹೊಟ್ಟೆ ನೋಡೋದು, ಹೊರಳಾಡೋದು, ಹಾಲು ಬಿಡೋದು, ಲದ್ದಿ ನಿಲ್ಲೋದು, ಇದರಲ್ಲಿ ಒಂದು ಕಂಡ್ರೂ ಬೆಳಗಾಗ್ಲಿ ಅಂತ ಕಾಯ್ಬೇಡಿ, ಆಗಲೇ ಡಾಕ್ಟರನ್ನ ಕರೀರಿ.

ಜಟಕಾ_ಮೈಸೂರು:
ಡಾಕ್ಟ್ರು ಹೇಳಿದ್ದು ನಿಜ ತಮ್ಮಾ. ನಾನು ಮೂವತ್ತು ವರ್ಷದಿಂದ ಕುದುರೆ ಕಟ್ಟಿದೀನಿ, ಒಂದು ಮರೀನ ಹೀಗೇ ಹೊಟ್ಟೆಶೂಲೇಲಿ ಕಳ್ಕೊಂಡೆ, ಔಷಧಿ ಹಾಕಿದ ಮಾರನೇ ದಿನ, ಇವತ್ತಿಗೂ ಕಣ್ಮುಂದೆ ಬರುತ್ತೆ. ಆದ್ರೆ ಒಂದು ಕೇಳ್ಬೇಕು ಸಾರ್, ನಾವು ದೊಡ್ಡ ಕುದುರೆಗಳಿಗೆ ಎರಡು ತಿಂಗಳಿಗೊಂದು ಸಲ ಔಷಧಿ ಬದಲಾಯಿಸಿ ಬದಲಾಯಿಸಿ ಹಾಕ್ತೀವಿ, ನಮ್ಮ ಹಿರೀಕರು ಹಾಗೇ ಹೇಳ್ಕೊಟ್ಟಿದ್ದು. ಅದೂ ತಪ್ಪಾ?
ಇನ್ನೊಂದು, ಮುಂಗಾಲಿನ ಕೂದ್ಲಲ್ಲಿ ಸಾಸಿವೆಗಿಂತ ಸಣ್ಣ ಹಳದಿ ಮೊಟ್ಟೆ ಅಂಟಿದ್ರೆ ಅದು ನೊಣದ್ದು, ಕುದುರೆ ನೆಕ್ಕಿದ್ರೆ ಮರಿಹುಳ ಬಾಯಿಗೆ ಸೇರಿ, ಆಮೇಲೆ ಹೊಟ್ಟೆಗೆ ಹೋಗಿ ಅಲ್ಲಿ ಬೆಳೆಯುತ್ತೆ. ಕೆರೆದು ತೆಗೀರಿ.

ಹೆಬ್ಬಾಳ_ವೆಟ್:
ಅಣ್ಣ, ಅವತ್ತಿಗೆ ಅದು ತಪ್ಪಲ್ಲ. ಆ ಪದ್ಧತಿ 1966ರಲ್ಲಿ ಅಮೆರಿಕದ ಕೆಂಟಕಿ ಕಡೆಯಿಂದ ಬಂದ ಸಲಹೆ. ಆಗಿನ ಶತ್ರು ರಕ್ತಹುಳ, ಸ್ಟ್ರಾಂಗೈಲಸ್ ವಲ್ಗಾರಿಸ್, ಅದರ ಮರಿಹುಳ ಕರುಳಿಗೆ ರಕ್ತ ಕೊಡೋ ರಕ್ತನಾಳದಲ್ಲಿ ಕೂತು ರಕ್ತ ಹೆಪ್ಪುಗಟ್ಟಿಸಿ ಕುದುರೇನ ಕೊಲ್ಲುತ್ತಿತ್ತು. ಆ ಹುಳ ಕಡಿಮೆ ಆಯ್ತು, ಆದ್ರೆ ಹೀಗೆ ಲೆಕ್ಕ ಇಲ್ಲದೆ ಹಾಕಿ ಹಾಕಿ ಅದರ ಬಳಗದ ಸಣ್ಣ ಸ್ಟ್ರಾಂಗೈಲ್ ಹುಳಗಳು ಔಷಧಿಗೆ ಪಳಗಿಬಿಟ್ವು, ಫೆನ್‌ಬೆಂಡಜೋಲ್ ಎಷ್ಟೋ ಕಡೆ ಅವುಗಳ ಮೇಲೆ ಕೆಲಸಾನೇ ಮಾಡಲ್ಲ. ಕುದುರೆಗೆ ಹೊಸ ಜಾತಿ ಔಷಧಿ ಬರ್ತಾನೂ ಇಲ್ಲ, ಇರೋದನ್ನ ಉಳಿಸ್ಕೋಬೇಕು.

ಅದಕ್ಕೇ ಲದ್ದಿ ಪರೀಕ್ಷೆ ಮಾಡ್ಸಿ ಅನ್ನೋದು. ಒಂದು ಗ್ರಾಂ ಲದ್ದೀಲಿ ಎಷ್ಟು ಮೊಟ್ಟೆ ಅಂತ ಎಣಿಸ್ತಾರೆ. ದೊಡ್ಡ ಕುದುರೇಲಿ 200ರ ಒಳಗಿದ್ರೆ ಕಡಿಮೆ, 500 ದಾಟಿದ್ರೆ ಜಾಸ್ತಿ. ಒಂದು ಗುಂಪಲ್ಲಿ ನೂರಕ್ಕೆ ಇಪ್ಪತ್ತು ಕುದುರೆಗಳೇ ಸುಮಾರು ಎಂಬತ್ತು ಭಾಗ ಮೊಟ್ಟೆ ಉದುರಿಸೋದು. ಯಾವುದು ಅಂತ ಗೊತ್ತಾದ್ರೆ ಅದಕ್ಕೆ ಮಾತ್ರ ಹಾಕಿದ್ರಾಯ್ತು, ವರ್ಷಕ್ಕೆ ಒಂದೆರಡು ಸಲ ಎಲ್ಲಕ್ಕೂ. ಲಾಡಿಹುಳ ಮಾತ್ರ ಈ ಎಣಿಕೇಲಿ ಸರಿಯಾಗಿ ಸಿಗಲ್ಲ, ಅದಕ್ಕೆ ಪ್ರಾಜಿಕ್ವಾಂಟೆಲ್ ಇರೋ ಔಷಧೀನ ಬೇರೆ ಯೋಚಿಸ್ಬೇಕು.

ಪಾಲಹಳ್ಳಿ_ಲಾಯ:
ತುಂಬಾ ಥ್ಯಾಂಕ್ಸ್ ಸಾರ್. ಲದ್ದಿ ಹೇಗೆ ತಗೊಂಡೋಗೋದು? ದೊಡ್ಡವಕ್ಕೆ ಹಾಕೋದಾದ್ರೆ ತೂಕ ಹೇಗೆ ನೋಡೋದು, ನಮ್ಮ ಕಡೆ ಕುದುರೆ ತೂಗೋ ಮಿಷಿನ್ ಎಲ್ಲಿ ಸಿಗುತ್ತೆ.

ಕನಕಪುರ_ರೋಡ್_ರೈಡರ್:
ನಾನು ಹೇಳ್ತೀನಿ, ಇದನ್ನ ತಿಂಗಳುಗಟ್ಟಲೆ ಮಾಡಿದೀನಿ. ಬೆಳಿಗ್ಗೆ ಹಾಕಿದ ಬಿಸಿ ಲದ್ದೀಲಿ ಎರಡು ಉಂಡೆ ಪ್ಲಾಸ್ಟಿಕ್ ಕವರಿಗೆ ಹಾಕಿ ಗಾಳಿ ಎಲ್ಲಾ ಒತ್ತಿ ತೆಗೆದು ಗಂಟು ಹಾಕಿ ಕುದುರೆ ಹೆಸ್ರು ಬರೀರಿ, ಐಸ್ ಇಟ್ಟ ಡಬ್ಬೀಲಿ ಅವತ್ತೇ ಕೊಡಿ, ಫ್ರೀಜರಲ್ಲಿ ಇಡ್ಬೇಡಿ. ಬಿಸಿಲಲ್ಲಿ ಇಟ್ರೆ ಮೊಟ್ಟೆ ಒಡೆದು ಲೆಕ್ಕ ತಪ್ಪುತ್ತೆ. ಪಶು ಆಸ್ಪತ್ರೇಲಿ ಕೇಳಿ, ಇಲ್ಲಾಂದ್ರೆ ವೆಟರ್ನರಿ ಕಾಲೇಜಲ್ಲಿ.

ತೂಕಕ್ಕೆ ಟೈಲರ್ ಟೇಪ್ ಸಾಕು. ಮುಂಗಾಲಿನ ಹಿಂದೆ ಎದೆ ಸುತ್ತಳತೆ ತಗೊಳ್ಳಿ, ಭುಜದ ಮುಂದಿನ ಮೂಳೆಯಿಂದ ಪೃಷ್ಠದ ಮೂಳೆ ತನಕ ಉದ್ದ ತಗೊಳ್ಳಿ, ಸುತ್ತಳತೇನ ಸುತ್ತಳತೇಯಿಂದಲೇ ಗುಣಿಸಿ ಆಮೇಲೆ ಉದ್ದದಿಂದ ಗುಣಿಸಿ 11880ರಿಂದ ಭಾಗಿಸಿ. ಸೆಂಟಿಮೀಟರಲ್ಲಿ 140, 125 ಬಂದ್ರೆ 206 ಕೆಜಿ. ಐವರ್ಮೆಕ್ಟಿನ್ ಕೆಜಿಗೆ 0.2 ಮಿಗ್ರಾಂ, ಅಂದ್ರೆ 41 ಮಿಗ್ರಾಂ. ಮರಿಗೆ ಈ ಲೆಕ್ಕ ಬೇಡ, ಡಾಕ್ಟರನ್ನೇ ಕೇಳಿ.

ಎಲ್ಲಕ್ಕಿಂತ ಮುಖ್ಯ ಲದ್ದಿ ಎತ್ತೋದು. ಮೇಯೋ ಜಾಗದಲ್ಲಿ ವಾರಕ್ಕೆ ಎರಡು ಸಲ ಎತ್ತಿ, ಮರಿ ಇರೋ ಲಾಯದಲ್ಲಿ ದಿನಾ. ಹಸಿ ಲದ್ದೀನ ಹುಲ್ಲಿಗೆ ಗೊಬ್ಬರ ಅಂತ ಹರಡಬೇಡಿ, ತಿಪ್ಪೇಲಿ ಕೊಳೆತು ಒಳಗೆ ಚೆನ್ನಾಗಿ ಬಿಸಿ ಏರಿದ ಮೇಲೆ ಹಾಕಿ. ಕುದುರೆ ಮೇದ ಜಾಗದಲ್ಲಿ ದನ ಮೇಯಿಸಿದ್ರೂ ಒಳ್ಳೇದು, ಕುದುರೆ ಸ್ಟ್ರಾಂಗೈಲ್ ದನದ ಹೊಟ್ಟೇಲಿ ಬದುಕಲ್ಲ.

ಪಾಲಹಳ್ಳಿ_ಲಾಯ:
ಹದಿನಾರು ದಿನ ಆದ್ಮೇಲೆ ಬರೀತಿದೀನಿ. ಮೂರರದ್ದೂ ಲದ್ದಿ ಕೊಟ್ಟಿದ್ದೆ. ಎಲುಬು ಕಾಣ್ತಿರೋ ಹೆಣ್ಣಿಗೇ ಜಾಸ್ತಿ ಇರುತ್ತೆ ಅಂದ್ಕೊಂಡಿದ್ದೆ, ಅದರದ್ದು 100 ಬಂತು, ಮೈ ತುಂಬ್ಕೊಂಡು ಮಿರಮಿರ ಮಿಂಚೋ ಟಾಂಗಾ ಕುದುರೇದು 950! ಹೆಣ್ಣು ಬಡವಾಗಿರೋದು ಹಾಲು ಕೊಡ್ತಿರೋದಕ್ಕೆ, ಹುರುಳಿ ಜಾಸ್ತಿ ಮಾಡಿ ಅಂದ್ರು ಡಾಕ್ಟ್ರು. ಟೇಪ್ ಹಿಡಿದು ಗಂಡಿಗೆ ಮಾತ್ರ ಐವರ್ಮೆಕ್ಟಿನ್ ಪೇಸ್ಟ್ ಕೊಟ್ವಿ, ಎರಡು ವಾರ ಬಿಟ್ಟು ಅದರದ್ದು ಮತ್ತೆ ಎಣಿಸ್ತಾರೆ. ಮರಿ ಲದ್ದೀಲಿ ದುಂಡು ಹುಳದ ಮೊಟ್ಟೆ ಸಿಗ್ಲಿಲ್ಲ, ಆದ್ರೆ ಶ್ವಾಸಕೋಶದಲ್ಲಿದ್ದವು ಇನ್ನೂ ಕೆಳಗೆ ಬರಬಹುದು, ಒಂದೂವರೆ ತಿಂಗಳಿಗೆ ಮತ್ತೆ ತನ್ನಿ ಅಂದಿದಾರೆ. ಕೆಮ್ಮು ಕಡಿಮೆ ಆಗಿದೆ. ಲಾಯದ ನೆಲ ಗೋಡೆ ಎಲ್ಲಾ ಕೆರೆದು ಬಿಸಿನೀರು ಹಾಕಿ ತೊಳೆದ್ವಿ, ದಿನಾ ಬೆಳಿಗ್ಗೆ ಬುಟ್ಟಿ ಹಿಡ್ಕೊಂಡು ಲದ್ದಿ ಎತ್ತೋ ಕೆಲಸ ನಮ್ಮನೇವ್ರು ವಹಿಸ್ಕೊಂಡಿದಾರೆ.