‘ರಾ’ದಾಗ ನೌಕರಿ ಕೊಡಸ್ತೀನಿ ಅಂದಾಂವ: ನಮ್ಮ ಗೋವಾದ ವಾಸ್ಕೋ ಗ್ರೂಪಿನ ಭಾನುವಾರದ ಪ್ರಶ್ನೋತ್ತರ

ಅಡ್ಮಿನ್: ಎಲ್ರಿಗೂ ನಮಸ್ಕಾರ. ಹೋದ ವಾರ ‘ರಾ’, ಅಂದ್ರೆ ಹೊರದೇಶದ ಸುದ್ದಿ ಕಲೆಹಾಕೋ ನಮ್ಮ ದೇಶದ ಗುಪ್ತಚರ ಸಂಸ್ಥೆ ಬಗ್ಗೆ ಗ್ರೂಪಲ್ಲಿ ಭಾರೀ ಗದ್ದಲ ಆಯ್ತಲ್ಲ, ಅದಕ್ಕೆ ಇವತ್ತು ಚಿಕಾಲಿಂನ ನಮ್ಮ ಕಮಾಂಡರ್ ಕಾಕಾ ಉತ್ತರ ಕೊಡೋಕೆ ಒಪ್ಕೊಂಡಿದಾರೆ. ಧಾರವಾಡದವ್ರು, ನೇವಿಯಲ್ಲಿ ಸಿಗ್ನಲ್ಸ್ ಕಡೆ ಇದ್ರು, ದಾಬೋಳಿಯಿಂದ ರಿಟೈರ್ ಆಗಿ ಈಗ ಕಾಲೇಜಲ್ಲಿ ಡಿಫೆನ್ಸ್ ಸ್ಟಡೀಸ್ ಪಾಠ ಮಾಡ್ತಾರೆ. ಪ್ರಶ್ನೆ ಇದ್ರೆ ಹಾಕಿ. ಗುಡ್ ಮಾರ್ನಿಂಗ್ ಗುಲಾಬಿ ಫೋಟೋ ದಯವಿಟ್ಟು ಬೇಡ.

ಕಮಾಂಡರ್ ಕಾಕಾ: ಮೊದಲ ಒಂದ ಮಾತು ಹೇಳಿಬಿಡ್ತೀನಿ, ನಾ ಆ ಏಜೆನ್ಸಿಯಾಂವ ಅಲ್ಲ. ಆಗಿದ್ರ ಇಲ್ಲಿ ಕುಂತು ಹಿಂಗ ಬರೀತಿದ್ದಿಲ್ಲ. 2021ರಾಗ ಪೆನ್ಶನ್ ರೂಲ್ಸ್ ತಿದ್ದ್ಯಾರ, ಗುಪ್ತಚರ ಸಂಸ್ಥೆಯೊಳಗ ದುಡದವ್ರು ರಿಟೈರ್ ಆದ ಮ್ಯಾಲೂ ಆ ಕೆಲಸದ ಬಗ್ಗೆ ಪರ್ಮಿಷನ್ ಇಲ್ಲದ ಏನೂ ಛಾಪಿಸೂ ಹಂಗಿಲ್ಲ, ಪೆನ್ಶನ್ನಿಗೇ ಕೈ ಬೀಳ್ತದ. ನಾ ಹೇಳೂದೆಲ್ಲಾ ಬಹಿರಂಗ ಆಗಿದ್ದು ಅಷ್ಟ.

ಪ್ರಶ್ನೆ (ಬೈನಾ, ಐಟಿಐ ಮುಗಿಸಿದ ಹುಡುಗ): ಕಾಕಾ ಮಡಗಾಂವದಾಗ ಒಬ್ರು ಸಿಕ್ಕಿದ್ರು, ‘ರಾ’ದಾಗ ಫೀಲ್ಡ್ ಏಜೆಂಟ್ ಪೋಸ್ಟ್ ಅದ ಅಂತ ಹೇಳಿ 80 ಸಾವಿರ ಕೇಳ್ಯಾರ, 40 ಫೋನ್ ಪೇ ಮಾಡೀನಿ, ಐಡಿ ಕಾರ್ಡೂ ಕೊಟ್ಟಾರ. ಮನ್ಯಾಗ ಸುದ್ದಾ ಹೇಳಬ್ಯಾಡ, ದೇಶದ ಗುಟ್ಟು ಅಂದಾರ. ಅಪ್ಪಗ ಹೇಳಿಲ್ಲ ಅದಕ್ಕ ಇಲ್ಲಿ ಕೇಳಾಕತ್ತೀನಿ. ಖರೇ ಇರ್ತದೇನ್ರೀ?

ಕಮಾಂಡರ್ ಕಾಕಾ: ತಮ್ಮಾ, ಉಳಿದ 40 ಕೊಡಬ್ಯಾಡ. ಈಗ, ಇದನ್ನ ಓದೂದು ಬಿಟ್ಟು, ಮೊದಲ 1930ಕ್ಕ ಫೋನ್ ಹಚ್ಚು. ಸೈಬರ್ ವಂಚನೆ ನಂಬರ್ ಅದು, ಎಷ್ಟ ಜಲ್ದಿ ಹೇಳ್ತೀ ಅಷ್ಟು ಆ ಖಾತೆಯೊಳಗಿನ ರೊಕ್ಕ ತಡ್ಯಾಕ ಆಸ್ಪದ ಇರ್ತದ. ಸರ್ಕಾರಿ ಮನಶಾ ಅಂತ ಸುಳ್ಳು ವೇಷ ಹಾಕೂದು ಹೊಸ ನ್ಯಾಯ ಸಂಹಿತಾದ 204ನೇ ಕಲಮಿನಾಗ ಅಪರಾಧ, ಮೋಸದ ಕಲಮ್ ಬ್ಯಾರೆ. ಹಚ್ಚಿ ಬಾ, ಮುಂದಿಂದು ಹೇಳ್ತೀನಿ.

ಅಲ್ಲಿಗೆ ಮಂದಿ ಹೆಂಗ ಹೋಗ್ತಾರ ಅಂದ್ರ, ಐಪಿಎಸ್ ಮತ್ತ ಬ್ಯಾರೆ ಸರ್ವೀಸಿನಿಂದ ಡೆಪ್ಯುಟೇಶನ್ ಮ್ಯಾಲೆ ಕರ್ಕೋತಾರ, 1971ರಿಂದ ಅವರದ ಒಂದು ಕೇಡರ್ ಅದ, ರಿಸರ್ಚ್ ಆ್ಯಂಡ್ ಅನಾಲಿಸಿಸ್ ಸರ್ವೀಸ್ ಅಂತ. ‘ರಾ’ ಕ್ಯಾಬಿನೆಟ್ ಸೆಕ್ರೆಟೇರಿಯಟ್ ಕೆಳಗ ಬರ್ತದ, ಇತ್ತೀಚಿಗೆ ಅದರ ಹೆಸರಿನಾಗ ಡೆಪ್ಯುಟಿ ಫೀಲ್ಡ್ ಆಫೀಸರ್ (ಟೆಕ್ನಿಕಲ್) ಜಾಹೀರಾತು ಬರ್ತಾವ, ಇಂಜಿನಿಯರಿಂಗ್ ಡಿಗ್ರಿ, ಗೇಟ್ ಸ್ಕೋರ್ ಕೇಳ್ತಾರ. ಮಜಾ ಏನಂದ್ರ ಆ ಜಾಹೀರಾತಿನಾಗ ‘ರಾ’ ಅನ್ನೂ ಹೆಸರಾ ಇರಂಗಿಲ್ಲ. ಹಿಂಗಿದ್ದಾಗ ಮಡಗಾಂವದ ಚಾದಂಗಡ್ಯಾಗ ಒಬ್ಬಾಂವ ಆ ಹೆಸರು ಕಾರ್ಡಿನ ಮ್ಯಾಲೆ ಛಾಪಿಸಿ ಕೊಡ್ತಾನಂದ್ರ ನೀನ ವಿಚಾರ ಮಾಡು.

ಇನ್ನೊಂದು, ‘ಏಜೆಂಟ್’ ಅನ್ನೂ ಶಬ್ದಾನ ಅಂವಗ ಗೊತ್ತಿಲ್ಲ. ಪಗಾರ ತಗೊಂಡು ಸಂಸ್ಥೆಯೊಳಗ ಇರಾಂವ ಆಫೀಸರ್. ಏಜೆಂಟ್ ಅಂದ್ರ ಆ ಆಫೀಸರಿಗೆ ಸುದ್ದಿ ಕೊಡೂ ಹೊರಗಿನ ಮನಶಾ, ಬಹುತೇಕ ಬ್ಯಾರೆ ದೇಶದಾಂವ. ಸಿನಿಮಾದವ್ರು ಎರಡನ್ನೂ ಕಲಸಿ ಚಿತ್ರಾನ್ನ ಮಾಡ್ಯಾರ.

ಪ್ರಶ್ನೆ (ವೆರ್ಣಾ, ಫಾರ್ಮಾ ಕಂಪನಿ): ಸರ್ ನಾನು ಮೈಸೂರವ್ಳು, ಇಲ್ಲಿಗೆ ಬಂದು ನಾಲ್ಕ್ ವರ್ಷ. ನಂಗೆ ಬೇಸಿಕ್ ಪ್ರಶ್ನೆನೇ ಇದೆ, ಇವ್ರು ದಿನಾ ಬೆಳಗ್ಗೆ ಆಫೀಸಿಗೆ ಹೋಗಿ ಏನ್ ಮಾಡ್ತಾರೆ? ಐಬಿ ಅಂತಾನೂ ಒಂದಿದ್ಯಲ್ಲ, ಎರಡೂ ಒಂದೇನಾ?

ಕಮಾಂಡರ್ ಕಾಕಾ: ಮೇಡಂ, ಛಲೋ ಕೇಳಿದ್ರಿ. ಎರಡೂ ಬ್ಯಾರೆ. 1968ರ ತನಕಾ ಐಬಿ, ಅಂದ್ರ ಇಂಟೆಲಿಜೆನ್ಸ್ ಬ್ಯೂರೋನ ಎಲ್ಲಾ ನೋಡ್ತಿತ್ತು, ಮನಿ ಒಳಗಿಂದೂ ಹೊರಗಿಂದೂ. 1962ರಾಗ ಚೀನಾ ಎದುರು ಕಣ್ಣು ಮುಚ್ಚಿದಂಗ ಆತು, 1965ರ ಪಾಕಿಸ್ತಾನದ ಯುದ್ಧದಾಗೂ ಆ ಕಡಿ ಸೈನ್ಯ ಎಷ್ಟದ ಎಲ್ಲದ ಅನ್ನೂ ಸುದ್ದಿ ಸಾಲಲಿಲ್ಲ. ಅದಕ್ಕ ಇಂದಿರಾ ಗಾಂಧಿಯವ್ರು 1968ರ ಸೆಪ್ಟೆಂಬರ್ 21ಕ್ಕ ಹೊರದೇಶದ ಕೆಲಸ ಬ್ಯಾರೆ ತಗದು ‘ರಾ’ ಮಾಡಿ ರಾಮೇಶ್ವರ ನಾಥ ಕಾವ್ ಅವರ ಕೈಗೆ ಕೊಟ್ರು. ಕಾವ್ ಸಾಹೇಬ್ರು 1977ರ ತನಕಾ ಇದ್ರು. ಫೋಟೋದಾಗ ಸಿಗೂದ ಅಪರೂಪ ಆ ಮನಶಾ, ಇವತ್ತಿನ ಸೆಲ್ಫಿ ಕಾಲದಾಗ ಇದ್ದಿದ್ರ ಹೆಂಗ ಮಾಡ್ತಿದ್ರೋ ಏನೋ. ಮುಖ್ಯಸ್ಥರ ಹುದ್ದೆ ಹೆಸರು ಇವತ್ತಿಗೂ ಬರೇ ‘ಸೆಕ್ರೆಟರಿ’, ಬ್ರಾಕೆಟ್ಟಿನಾಗ ಒಂದ ಅಕ್ಷರ ‘ಆರ್’.

ದಿನದ ಕೆಲಸ ಕೇಳಿದ್ರಿ, ನಿರಾಸೆ ಆಗಬ್ಯಾಡ್ರಿ, ಬಹಳಷ್ಟು ಓದೂದು ಬರಿಯೂದು. ಸರ್ಕಾರಕ್ಕ ಏನು ತಿಳೀಬೇಕಾಗೇದ ಅನ್ನೂದು ಮೊದಲ ಬರ್ತದ, ಹಿಂಗ ನೆರಿದೇಶದಾಗ ಗೋಧಿ ಕಡಿಮಿ ಬಿದ್ದದೇನು, ಮುಂದಿನ ಸೇನಾ ಮುಖ್ಯಸ್ಥ ಯಾರು, ಆ ಬಂದರ ಯಾರಿಗೆ ಕೊಟ್ರು. ಆಮ್ಯಾಲೆ ಅದನ್ನ ಕೂಡಿಸೂದು. ಒಂದಿಷ್ಟು ಮನಶಾರ ಬಾಯಿಂದ, ಒಂದಿಷ್ಟು ರೇಡಿಯೋ ಫೋನು ಕೇಳಿ, ಒಂದಿಷ್ಟು ಸ್ಯಾಟಲೈಟ್ ಫೋಟೋ, ಬಾಕಿ ಎಲ್ಲರ ಕಣ್ಣಿಗೂ ಬೀಳೂ ಪೇಪರು, ಟೆಂಡರು, ಭಾಷಣ. ಕೂಡಿಸಿದ್ದು ಹಸಿ ಕಾಯಿಪಲ್ಯ ಇದ್ದಂಗ, ಅದನ್ನ ಹಸನ ಮಾಡಿ ಅಡಗಿ ಮಾಡಾಂವ ಅನಲಿಸ್ಟ್. ಬಡಿಸೂದು ಪ್ರಧಾನಿ, ರಾಷ್ಟ್ರೀಯ ಭದ್ರತಾ ಸಲಹೆಗಾರ, ಸೈನ್ಯದವ್ರ ಮುಂದ. ಉಣ್ಣೂದು ಬಿಡೂದು ಅವರ ಕೈಯಾಗ. ನನ್ನ ಪ್ರಕಾರ ಕೆಲಸ ಕೆಡೂದ ಇಲ್ಲೆ, ಅಡಗಿಮನ್ಯಾಗ ಅಲ್ಲ, ಪಂಕ್ತ್ಯಾಗ.

ಕೌಟಿಲ್ಯ ಅರ್ಥಶಾಸ್ತ್ರದಾಗ ಒಂದು ಮಾತ ಹೇಳ್ಯಾನ, ಒಬ್ಬರಿಗೊಬ್ಬರು ಗುರ್ತಿಲ್ಲದ ಮೂರು ಬೇಹಿನವ್ರು ಒಂದ ಸುದ್ದಿ ತಂದ್ರ ನಂಬು ಅಂತ. ಕ್ಲಾಸಿನಾಗ ನಾ ಹುಡುಗರಿಗೆ ಹೇಳ್ತೀನಿ, ಒಂದ ವಾಟ್ಸಾಪ್ ಫಾರ್ವರ್ಡ್ ಮೂರು ಗ್ರೂಪಿನಾಗ ಬಂದ್ರ ಅದು ಮೂರು ಸುದ್ದಿ ಅಲ್ಲಪಾ, ಒಂದ ಸುದ್ದಿ ಮೂರು ಸಲ.

ಅದ ಮೇಡಂ: ಹಾಗಾದ್ರೆ ಆಫೀಸರ್ ವಿದೇಶದಲ್ಲಿ ಸಿಕ್ಕಿಬಿದ್ರೆ?

ಕಮಾಂಡರ್ ಕಾಕಾ: ಯಾವ ಅಂಗಿ ಹಾಕ್ಕೊಂಡು ಹೋಗ್ಯಾನ ಅನ್ನೂದರ ಮ್ಯಾಲೆ ಅದ. ಎಂಬಸಿಯೊಳಗ ಫಸ್ಟ್ ಸೆಕ್ರೆಟರಿ ಅಂತ ಹೋದಾಂವಗ 1961ರ ವಿಯೆನ್ನಾ ಒಪ್ಪಂದದ ರಕ್ಷಣೆ ಇರ್ತದ, ಹಿಡದು ಜೇಲಿಗೆ ಹಾಕಾಕ ಬರೂದಿಲ್ಲ, ‘ನಮಗ ಬ್ಯಾಡಾದಾಂವ’ ಅಂತ ಬರದು ಊರು ಬಿಡಸ್ತಾರ, ಇವರೂ ಅವರ ಒಬ್ಬಾಂವನ್ನ ಕಳಸ್ತಾರ, ಅಲ್ಲಿಗೆ ಸಮ ಆತು. ವ್ಯಾಪಾರಿ ಮಾಸ್ತರ ಅಂತ ಹೋದಾಂವಗ ಅದ್ಯಾವದೂ ಇಲ್ಲ. ಮತ್ತ ಅಂವಗ ಸುದ್ದಿ ಕೊಟ್ಟ ಅಲ್ಲಿಯ ಮನಶಾನ ಗತಿ ಇಬ್ಬರಕಿಂತಾ ಕೆಟ್ಟ, ಅಂವನ ದೇಶ ಅಂವನ್ನ ದ್ರೋಹಿ ಅಂತದ. ಅಂವ ಯಾಕ ಕೊಡ್ತಾನ ಅಂದ್ರ ರೊಕ್ಕಕ್ಕ, ತತ್ವಕ್ಕ, ಅಂಜಿಕಿಗೆ, ಇಲ್ಲಾ ‘ನನ್ನ ಆಫೀಸಿನಾಗ ನನಗ ಕಿಮ್ಮತ್ತಿಲ್ಲ’ ಅನ್ನೂ ಸಿಟ್ಟಿಗೆ. ಕೊನೀದ ಬಹಳ ಕೆಲಸ ಮಾಡ್ತದ. ಈ ರೋಗ ನಮ್ಮವ್ರಿಗೂ ಹತ್ತದ, 2004ರಾಗ ‘ರಾ’ದಾಗ ಜಾಯಿಂಟ್ ಸೆಕ್ರೆಟರಿ ಇದ್ದ ರಬಿಂದರ್ ಸಿಂಗ್ ನೇಪಾಳದ ಮ್ಯಾಲಿಂದ ಅಮೆರಿಕಾಕ್ಕ ಓಡಿ ಹೋದ.

ಪ್ರಶ್ನೆ (ಕಾರವಾರ, ವಾಸ್ಕೋ ಖಾರಿವಾಡಾದಲ್ಲಿ ಬೋಟಿನ ಕೆಲಸ): ನಮ್ಮೂರ್ ಬದಿಗೂ ಕೆಲವು ಹುಡುಗ್ರನ್ನ ಹಿಡ್ಕಂಡ್ ಹೋದ್ರಲ್ಲ ಮಾರಾಯ್ರೆ, ಅದು ‘ರಾ’ನೇ? ಮತ್ತೆ 26/11ರ ಮುಂಬೈ ದಾಳಿಗೆ ಇಷ್ಟೆಲ್ಲ ಗೂಢಚಾರ್ರು ಇದ್ಕಂಡು ಹತ್ತು ಜನ ಬೋಟಲ್ಲಿ ಬರೂದು ಗೊತ್ತಾಗ್ಲಿಲ್ವಾ? ಆಮೇಲಿಂದ ಸಮುದ್ರಕ್ಕೆ ಹೋಗೂಕೆ ಕಾರ್ಡ್ ತೋರ್ಸೂದು ನಾವು!

ಕಮಾಂಡರ್ ಕಾಕಾ: ನಿಮ್ಮ ಸಿಟ್ಟು ನನಗ ತಿಳೀತದ್ರಿ. ಮೊದಲನೇದಕ್ಕ, ಅಲ್ಲ. ‘ರಾ’ಕ್ಕ ಪೊಲೀಸ್ ಅಧಿಕಾರ ಇಲ್ಲ, ಯಾರನ್ನೂ ಅರೆಸ್ಟ್ ಮಾಡೂದಿಲ್ಲ. 2025ರ ಫೆಬ್ರವರಿಯಾಗ ಕಾರವಾರ ಕಡೆ ಇಬ್ಬರನ್ನ ಹಿಡದದ್ದು ರಾಷ್ಟ್ರೀಯ ತನಿಖಾ ದಳ ಎನ್‌ಐಎ, ಕದಂಬ ನೌಕಾನೆಲೆ ಮಾಹಿತಿ ಕೊಟ್ಟ ಆರೋಪ. 2023ರ ಮೇದಾಗ ಪುಣೆದಾಗ ಡಿಆರ್‌ಡಿಒ ವಿಜ್ಞಾನಿ ಒಬ್ಬರನ್ನ ಹಿಡದದ್ದು ಮಹಾರಾಷ್ಟ್ರ ಪೊಲೀಸರ ಭಯೋತ್ಪಾದನೆ ನಿಗ್ರಹ ದಳ ಎಟಿಎಸ್. ಎರಡರಾಗೂ ಆರೋಪ ಒಂದ ನಮೂನಿ, ಫೋನಿನಾಗ ಹುಡುಗಿ ಹೆಸರಿಲೆ ಪಾಕಿಸ್ತಾನದವ್ರು ದೋಸ್ತಿ ಮಾಡಿದ್ರು ಅಂತ. ನಮ್ಮ ನೆಲದಾಗ ಹೊರಗಿನ ಬೇಹುಗಾರರ ಬೆನ್ನ ಹತ್ತೂದು ಐಬಿ ಕೆಲಸ, ಕೈ ಹಾಕೂದು ಪೊಲೀಸರದು.

26/11 ಬಗ್ಗೆ ನಾ ಸ್ವಲ್ಪ ಉದ್ದ ಬರೀತೀನಿ, ಸಿಗ್ನಲ್ಸ್‌ನಾಗಿದ್ದಾಂವ, ನನಗ ಇದು ಇನ್ನೂ ಚುಚ್ಚತದ. ಸುಳಿವು ಇದ್ದಿಲ್ಲ ಅನ್ನೂದು ಖರೇ ಅಲ್ಲ. ಸಮುದ್ರದ ದಾರೀಲೆ ಬರಬಹುದು, ತಾಜ್ ಹೋಟೆಲ್ ಗುರಿ ಇರಬಹುದು ಅನ್ನೂ ಎಚ್ಚರಿಕೆ ಮೊದಲ ಬಂದಿದ್ದವು. ಆದ್ರ ಇಂಥಾ ಎಚ್ಚರಿಕೆ ಪತ್ರ ದಿನಾ ಎಷ್ಟೋ ಬರ್ತಾವ, ದಿಲ್ಲಿಯಿಂದ ಮುಂಬೈಗೆ ಒಂದು ಕಾಗದ ಹೋಗಿ, ಅಲ್ಲಿ ಇನ್ನೊಂದು ಟೇಬಲ್ಲಿಗೆ ಹೋಗಿ, ಯಾರು ಏನ ಮಾಡಬೇಕಂತ ಯಾರೂ ಬರದಿಟ್ಟಿರಂಗಿಲ್ಲ, ಆಮ್ಯಾಲೆ ‘ನಾವು ಹೇಳಿದ್ವಿ’ ಅಂತ ಒಬ್ಬಾಂವ, ‘ಸರಿಯಾಗಿ ಹೇಳಲಿಲ್ಲ’ ಅಂತ ಇನ್ನೊಬ್ಬಾಂವ. ದಾಳಿ ಹೊತ್ತಿನಾಗ ಏನು ತಪ್ಪಾತು ಅಂತ ನೋಡಾಕ ಮಹಾರಾಷ್ಟ್ರ ಸರ್ಕಾರ ಪ್ರಧಾನ್ ಸಮಿತಿ ಮಾಡ್ತಲ್ಲ, ಇಬ್ಬರ ಸಮಿತಿ, ಅದರಾಗಿನ ಎರಡನೇ ಸದಸ್ಯ ಬಾಲಚಂದ್ರನ್ ‘ರಾ’ದಾಗ ದೊಡ್ಡ ಹುದ್ದೆಯೊಳಗ ಇದ್ದವ್ರ. ಸುಳಿವಿನ ಕಾಗದಗೋಳನ್ನ ಸರಿಯಾಗಿ ನಿಭಾಯಿಸಿಲ್ಲ ಅಂತ ಅವರೂ ಬರದ್ರು. ಮತ್ತ ನೋಡ್ರಿ, ಅವತ್ತ ರಾತ್ರಿ ಬಧ್ವಾರ್ ಪಾರ್ಕ್ ಹತ್ರ ರಬ್ಬರ್ ಬೋಟಿನಿಂದ ಇಳದಾಗ ಅವರನ್ನ ಮೊದಲ ಕಂಡು ‘ಯಾರು ನೀವು’ ಅಂತ ಕೇಳಿದವ್ರು ಮೀನುಗಾರರು. ಸ್ಯಾಟಲೈಟ್ ಅಲ್ಲ.

ಅದಕ್ಕ ಆ ಕಾರ್ಡು, ಬೋಟಿನ ಬಣ್ಣ, ನೋಂದಣಿ ಎಲ್ಲಾ ಆಮ್ಯಾಲೆ ಬಂದದ್ದು. ನಿಮಗ ತ್ರಾಸ ಅನ್ನೂದು ಒಪ್ಪತೀನಿ, ಆದ್ರ ದೂರ ಸಮುದ್ರದಾಗ ಗುರ್ತಿಲ್ಲದ ಬೋಟ್ ಕಂಡ್ರ ನಿಮ್ಮ ಒಂದು ಫೋನು ದಿಲ್ಲಿಯ ಹತ್ತು ಕಾಗದಕ್ಕ ಸಮ.

ಅದ ಬೋಟಿನವರು: ಫೋನ್ ಮಾಡಿದ್ರೆ ನಮ್ಮನ್ನೇ ನಾಲ್ಕ್ ತಾಸು ಕೂರ್ಸ್ತ್ರು. ಅದನ್ನೂ ಬರ್ಕಣಿ.

ಕಮಾಂಡರ್ ಕಾಕಾ: ಬರಕೊಂಡೆ.

ಪ್ರಶ್ನೆ (ಫೋಂಡಾ): ಕೇಳಿದ್ದನ್ನೆಲ್ಲ ಜನಕ್ಕೆ ಹೇಳಿಬಿಟ್ರೆ ಮುಗೀತಲ್ಲ ಸರ್, ಯಾಕಿಷ್ಟು ಗುಟ್ಟು?

ಕಮಾಂಡರ್ ಕಾಕಾ: ಹೇಳಿದ್ರ ಏನಾಗ್ತದ ಅನ್ನಾಕ ಕಾರ್ಗಿಲ್ ನೋಡ್ರಿ. 1999ರ ಮೇ ಕೊನೀಗೆ ಪಾಕಿಸ್ತಾನದ ಸೇನಾ ಮುಖ್ಯಸ್ಥ ಮುಷರಫ್ ಬೀಜಿಂಗಿನಾಗ ಇದ್ದ, ರಾವಲ್ಪಿಂಡಿಯಿಂದ ಅಂವನ ಕೈ ಕೆಳಗಿನ ಜನರಲ್ ಅಜೀಜ್ ಫೋನಿನಾಗ ಎಲ್ಲಾ ವರದಿ ಒಪ್ಪಿಸಿದ. ‘ರಾ’ ಅದನ್ನ ಹಿಡದು ಟೇಪ್ ಮಾಡ್ತು. ಗುಡ್ಡದ ಮ್ಯಾಲಿದ್ದವ್ರು ಬರೇ ಮುಜಾಹಿದೀನ್ ಅಂತ ಪಾಕಿಸ್ತಾನ ಹೇಳ್ತಿತ್ತಲ್ಲ, ಆ ಸುಳ್ಳು ಒಂದ ಏಟಿಗೆ ಬಯಲಾತು. ಜೂನ್ 11ಕ್ಕ ನಮ್ಮ ಸರ್ಕಾರ ಟೇಪ್ ಬಿಡುಗಡೆ ಮಾಡ್ತು. ಜಗತ್ತು ನಮ್ಮ ಕಡಿ ತಿರುಗಿತು, ಖರೇ. ಆದ್ರ ಯಾವ ತಂತಿಗೆ ನಮ್ಮ ಕಿವಿ ಹತ್ತೇದ ಅಂತ ಆ ಕಡಿಯವ್ರಿಗೂ ತಿಳೀತು. ನಾ ಆದ್ರ ಟೇಪ್ ಬಿಡ್ತಿದ್ದೆನೋ ಇಲ್ಲೋ? ಇಪ್ಪತ್ತು ವರ್ಷದಿಂದ ವಿಚಾರ ಮಾಡಾಕತ್ತೀನಿ, ಸೋಮವಾರ ಒಂದ ಉತ್ತರ ಬರ್ತದ, ಬುಧವಾರ ಇನ್ನೊಂದು.

ಪ್ರಶ್ನೆ (ಫೋಂಡಾ, ಅವರೇ): ಹಂಗಾದ್ರೆ ನಮ್ ಫೋನೂ ಕೇಳ್ತಾರಾ? ಇವ್ರನ್ನ ಕೇಳೋರು ಯಾರು?

ಕಮಾಂಡರ್ ಕಾಕಾ: ಐಟಿ ಕಾಯ್ದೆ 69ನೇ ಕಲಮಿನ ಕೆಳಗ 2018ರ ಡಿಸೆಂಬರ್ 20ಕ್ಕ ಹತ್ತು ಏಜೆನ್ಸಿ ಹೆಸರು ಹಾಕಿ ಆದೇಶ ಬಂತು, ಅದರಾಗ ಕ್ಯಾಬಿನೆಟ್ ಸೆಕ್ರೆಟೇರಿಯಟ್ ಅಂತ ಬರದು ‘ರಾ’ನೂ ಅದ. ಪ್ರತಿ ಸಲಕ್ಕೂ ಗೃಹ ಕಾರ್ಯದರ್ಶಿ ಮಟ್ಟದ ಒಪ್ಪಿಗಿ ಬೇಕು. ನಿಮ್ಮ ಮನಿ ವಾಟ್ಸಾಪ್ ಗ್ರೂಪಿನಾಗ ಅತ್ತಿ ಸೊಸಿ ಜಗಳ ಓದಾಕ ಯಾರೂ ಅರ್ಜಿ ಬರಿಯಂಗಿಲ್ಲ ಬಿಡ್ರಿ.

ಎರಡನೇ ಪ್ರಶ್ನೆ ಹಗುರ ಅಲ್ಲ. ಅಮೆರಿಕಾದ ಸಿಐಎ 1947ರ ಕಾಯ್ದೆಯಿಂದ ಹುಟ್ಟಿದ್ದು, ಅವರ ಸಂಸತ್ತಿನ ಸಮಿತಿ ಕರದು ಕೇಳ್ತದ. ಬ್ರಿಟನ್ನಿನ ಎಂಐ6 1909ರಿಂದ ಇದ್ರೂ 1994ರಾಗ ಅದಕ್ಕ ಕಾಯ್ದೆ ಮಾಡಿದ್ರು. ನಮ್ಮಲ್ಲಿ ‘ರಾ’ಕ್ಕ ಅಂತ ಸಂಸತ್ತು ಮಾಡಿದ ಕಾಯ್ದೆ ಇಲ್ಲ, ಪ್ರಧಾನಿಗೆ ವರದಿ ಅಷ್ಟ. ಆರ್‌ಟಿಐ ಹಾಕಿದ್ರ 24ನೇ ಕಲಮ್ ತೋರಸ್ತಾರ, ಭ್ರಷ್ಟಾಚಾರ, ಮಾನವ ಹಕ್ಕಿನ ಆರೋಪ ಇದ್ರ ಮಾತ್ರ ಬಾಗಿಲಾ ಸ್ವಲ್ಪ ತಗೀತದ. 2011ರಾಗ ಕಾಂಗ್ರೆಸ್ ಸಂಸದ ಮನೀಶ್ ತಿವಾರಿ ಇಂಥಾ ಕಾಯ್ದೆಗೆ ಖಾಸಗಿ ಮಸೂದೆ ತಂದಿದ್ರು, ಮುಂದ ಹೋಗಲಿಲ್ಲ. ನನ್ನ ಅಭಿಪ್ರಾಯ ಕೇಳಿದ್ರ ಕಾಯ್ದೆ ಬೇಕು, ಅದು ಒಳಗಿನ ಪ್ರಾಮಾಣಿಕ ಆಫೀಸರಿಗೂ ರಕ್ಷಣೆ. ನನ್ನ ದೋಸ್ತರು ಕೆಲವರು ಇದಕ್ಕ ಉರದು ಬೀಳ್ತಾರ, ಬೀಳ್ಳಿ.

ಪ್ರಶ್ನೆ (ಅಡ್ಮಿನ್): ಕಾಕಾ, ಗೋವಾದಲ್ಲಿ ಇಂಥದ್ದೇನಾದ್ರೂ ನಡೆದಿತ್ತಾ?

ಕಮಾಂಡರ್ ಕಾಕಾ: ಇದಕ್ಕ ಕಾಯ್ಕೋತ ಕುಂತಿದ್ದೆ! ನಮ್ಮ ಮುರಗಾಂವ ಬಂದರಾನ. ಎರಡನೇ ಮಹಾಯುದ್ಧದಾಗ ಗೋವಾ ಪೋರ್ಚುಗೀಸರದು, ಅಂದ್ರ ತಟಸ್ಥ. ಜರ್ಮನಿಯ ಮೂರು, ಇಟಲಿಯ ಒಂದು ಹಡಗ ಇಲ್ಲೆ ಬಂದು ಲಂಗರ ಹಾಕಿ ಕುಂತಿದ್ದವು. ಏರೆನ್‌ಫೆಲ್ಸ್ ಅನ್ನೂ ಹಡಗದಾಗ ಕಳ್ಳ ರೇಡಿಯೋ ಅದ, ನಮ್ಮ ಹಡಗ ಎಲ್ಲಿ ಹೊಂಟಾವ ಅಂತ ಸಬ್‌ಮರೀನಿಗೆ ಹೇಳ್ತದ ಅಂತ ಬ್ರಿಟಿಷರ ಸಂಶಯ. ಸೈನ್ಯ ಕಳಸಿದ್ರ ತಟಸ್ಥ ದೇಶದ ಮ್ಯಾಲೆ ದಾಳಿ ಆಗ್ತದ. ಅದಕ್ಕ ಅವರ ವಿಧ್ವಂಸಕ ಕೆಲಸದ ಸಂಸ್ಥೆ ಎಸ್‌ಒಇ ಏನ ಮಾಡ್ತಪಾ ಅಂದ್ರ, ಕಲ್ಕತ್ತಾ ಲೈಟ್ ಹಾರ್ಸ್ ಅಂತ ಒಂದು ಹವ್ಯಾಸಿ ಕುದುರಿ ಪಡೆ, ಹೊಟ್ಟಿ ಬಂದ ನಡುವಯಸ್ಸಿನ ವ್ಯಾಪಾರಿಗೋಳು, ಅವರನ್ನ ಒಂದು ಹಳೇ ಕೆಸರೆತ್ತೂ ದೋಣ್ಯಾಗ ಕೂಡಿಸಿಕೊಂಡು ಇಲ್ಲಿಗೆ ತಂತು. 1943ರ ಮಾರ್ಚ್ 9ರ ರಾತ್ರಿ ಏರೆನ್‌ಫೆಲ್ಸ್ ಹತ್ತಿದ್ರು, ಅದರ ಕ್ಯಾಪ್ಟನ್ ಸತ್ತ, ಹಡಗ ಮುಳುಗಿತು. ಅದನ್ನ ನೋಡಿ ಉಳಿದ ಮೂರು ಹಡಗದವ್ರು ತಾವ ತಮ್ಮ ಹಡಗಕ್ಕ ಬೆಂಕಿ ಹಚ್ಚಿಕೊಂಡ್ರು. ಮಾಡಿದವ್ರು ಮೂವತ್ತು ವರ್ಷದ ಮ್ಯಾಲೆ ಬಾಯಿ ಬಿಡಲಿಲ್ಲ. ಸುದ್ದಿ ಕೂಡಿಸೂದು ಬ್ಯಾರೆ, ಹಿಂಗ ಕೈ ಹಾಕೂದು ಬ್ಯಾರೆ, ಎರಡನೇದು ಗುಪ್ತ ಕಾರ್ಯಾಚರಣೆ. 1971ರಾಗ ಬಾಂಗ್ಲಾದೇಶದ ಬಿಡುಗಡಿಗೆ ಹೋರಾಡಿದ ಮುಕ್ತಿ ಬಾಹಿನಿಗೆ ನಮ್ಮವ್ರು ಕೊಟ್ಟ ತರಬೇತಿ ಈ ಎರಡನೇ ಜಾತಿಗೆ ಸೇರ್ತದ.

ಬೈನಾದ ಹುಡುಗ: ಕಾಕಾ 1930ಕ್ಕ ಹಚ್ಚಿದೆ, ಕಂಪ್ಲೇಂಟ್ ನಂಬರ್ ಕೊಟ್ಟಾರ. ಅಪ್ಪಗೂ ಹೇಳ್ದೆ, ಬೈದ್ರು. ಈಗ ಕಾರ್ಡ್ ನೋಡಾಕತ್ತೀನಿ, ‘ರಿಸರ್ಚ್ ಆ್ಯಂಡ್ ಅನಾಲಿಸಿಸ್ ವಿಂಗ್ಸ್’ ಅಂತ ಛಾಪಿಸ್ಯಾರ್ರೀ, ಕೊನೀಗೆ ಒಂದು ‘ಸ್’ ಹೆಚ್ಚದ.

ಕಮಾಂಡರ್ ಕಾಕಾ: ವಿಂಗ್ಸ್! ಹಾರಿ ಹೋಗ್ಯಾನ ಹಂಗಂದ್ರ. ತಮ್ಮಾ ಆ ಕಾರ್ಡ್ ಹರೀಬ್ಯಾಡ, ಫೋನ್ ಪೇ ಸ್ಕ್ರೀನ್‌ಶಾಟ್ ಪ್ರಿಂಟ್ ತಗಸು, ಅಂವ ಕಳಿಸಿದ ಮೆಸೇಜ್ ಒಂದೂ ಡಿಲೀಟ್ ಮಾಡಬ್ಯಾಡ. ನಾಳೆ ಹತ್ತೂವರಿಗೆ ವಾಸ್ಕೋ ಪೊಲೀಸ್ ಸ್ಟೇಷನ್ ಮುಂದ ನಿಂತಿರ್ತೀನಿ, ಅಪ್ಪನ್ನೂ ಕರ್ಕೊಂಡ ಬಾ.